ಮನೆಯ ಎರಡು ಕಂಪ್ಯೂಟರುಗಳನ್ನು ಜೋಡಿಸುವ ಕ್ರಮ

ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳಲ್ಲಿ ಅನೇಕರು ಈಚೆಗೆ ಒಂದೇ ಪ್ರಶ್ನೆಯನ್ನು ಕೇಳುತ್ತಿದ್ದಾರೆ. ಮನೆಯಲ್ಲಿ ಹಳೆಯ ಕಂಪ್ಯೂಟರೊಂದಿದೆ. ಮಗಳ ಕಾಲೇಜಿಗೆಂದು ಲ್ಯಾಪ್‌ಟಾಪೊಂದು ಬಂದಿದೆ. ಇಂಟರ್ನೆಟ್ ಸಂಪರ್ಕ ಮಾತ್ರ ಒಂದೇ. ಎರಡನೆಯ ಯಂತ್ರಕ್ಕೆಂದು ತಿಂಗಳು ತಿಂಗಳೂ ಬೇರೆ ಹಣ ಕಟ್ಟಬೇಕೇ? ಒಂದರಲ್ಲಿರುವ ಕಾಗದಪತ್ರಗಳು ಇನ್ನೊಂದರಲ್ಲಿ ಬೇಕಾದಾಗಲೆಲ್ಲ ಪೆನ್‌ಡ್ರೈವ್ ಹಿಡಿದು ಓಡಾಡಬೇಕೇ? ಎರಡೂ ಬೇಡವೆಂಬುದೇ ಉತ್ತರ. ಜೋಡಿಸುವ ಕ್ರಮವನ್ನೂ, ಜೋಡಿಸುವಾಗ ನಾವೇ ಮಾಡಿದ ಒಂದು ತಪ್ಪನ್ನೂ ಈ ಪಾಠದಲ್ಲಿ ಹೇಳುತ್ತೇವೆ.

ಸಂಪರ್ಕ ಒಂದು, ಯಂತ್ರ ಎರಡು

ಚಾಳಿನಲ್ಲಿ ಇದ್ದವರಿಗೆ ಇದು ಬೇಗ ತಿಳಿಯುತ್ತದೆ. ಚಾಳಿಗೆ ಬೀದಿಯ ವಿಳಾಸ ಒಂದೇ. ಒಳಗೆ ಖೋಲಿಗಳು ಹಲವು. ಬಂದ ಕಾಗದಗಳನ್ನು ಬಾಗಿಲ ಕಾವಲುಗಾರನು ಖೋಲಿಯ ನಂಬರು ನೋಡಿ ಹಂಚುತ್ತಾನೆಂದು ಇಟ್ಟುಕೊಳ್ಳಿ. ಇಂಟರ್ನೆಟ್ ಕಂಪನಿಯವರು ಮನೆಯಲ್ಲಿ ಇರಿಸಿ ಹೋಗುವ ರೌಟರ್ ಎಂಬ ಪೆಟ್ಟಿಗೆ ಅಂಥ ಕಾವಲುಗಾರ. ಒಳಗಿನ ಪ್ರತಿಯೊಂದು ಯಂತ್ರಕ್ಕೂ ಅದು ತಾನೇ ಒಂದು ನಂಬರು ಕೊಡುತ್ತದೆ. ಸಾಮಾನ್ಯವಾಗಿ ಅದು 192.168 ಎಂದು ಆರಂಭವಾಗುತ್ತದೆ. ಯಾವ ಯಂತ್ರ ಏನನ್ನು ಕೇಳಿತೆಂದು ಪಟ್ಟಿಯಲ್ಲಿ ಗುರುತು ಹಾಕಿಕೊಂಡು, ಉತ್ತರ ಬಂದಾಗ ಅದಕ್ಕೇ ತಲುಪಿಸುತ್ತದೆ. ಹಳೆಯ ಕ್ರಮದ ಇಂಟರ್ನೆಟ್ ವಿಳಾಸಗಳು ಒಟ್ಟು ಸುಮಾರು 430 ಕೋಟಿ ಮಾತ್ರ ಇರುವುದರಿಂದ, ಪ್ರತಿಯೊಂದು ಯಂತ್ರಕ್ಕೂ ಬೇರೆ ಬೇರೆ ವಿಳಾಸ ಕೊಡುತ್ತ ಹೋದರೆ ಅವು ಸಾಲವು. ಆದಕಾರಣ ಈ ಏರ್ಪಾಡು.

ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ದೊರೆತದ್ದು 1995ರ ಆಗಸ್ಟ್ 15ರಂದು. ಆಗ ಟೆಲಿಫೋನ್ ತಂತಿಗೆ ಒಂದು ಕಂಪ್ಯೂಟರನ್ನು ಸೇರಿಸುವುದೇ ವಾಡಿಕೆ. 1999ರಲ್ಲಿ ಬಂದ ವಿಂಡೋಸ್ 98ರ ಎರಡನೆಯ ಆವೃತ್ತಿಯಲ್ಲಿ, ಒಂದು ಕಂಪ್ಯೂಟರಿನ ಮೂಲಕ ಇನ್ನೊಂದು ಹೊರಗೆ ಹೋಗುವ ಸೌಕರ್ಯ ಸೇರಿತು. ಆದರೆ ಮೊದಲನೆಯದನ್ನು ಆರಿಸಿದರೆ ಎರಡನೆಯದಕ್ಕೂ ದಾರಿ ಮುಚ್ಚುತ್ತಿತ್ತು. ರೌಟರ್ ಇರುವ ಮನೆಯಲ್ಲಿ ಈ ತೊಡಕಿಲ್ಲ.

ಯಂತ್ರವನ್ನು ರೌಟರಿಗೆ ಸೇರಿಸಲು ಎರಡು ಮಾರ್ಗಗಳಿವೆ: ತಂತಿ ಅಥವಾ ವೈಫೈ. ತಂತಿಯ ಪದ್ಧತಿಗೆ ಈಥರ್ನೆಟ್ ಎಂದು ಹೆಸರು; 1973ರಲ್ಲಿ ಅಮೆರಿಕದ ಜೆರಾಕ್ಸ್ ಕಂಪನಿಯ ಸಂಶೋಧನಾಲಯದಲ್ಲಿ ರಾಬರ್ಟ್ ಮೆಟ್‌ಕಾಫ್ ಇದನ್ನು ರೂಪಿಸಿದರು. ಅಂಗಡಿಯಲ್ಲಿ ಕೆಟಗರಿ 5ಇ ಅಥವಾ 6 ಎಂಬ ತಂತಿಯನ್ನು ಕೇಳಿ ತರಬೇಕು. 100 ಮೀಟರಿನವರೆಗೆ ಅದು ಸರಿಯಾಗಿ ಕೆಲಸ ಮಾಡುತ್ತದೆ. ನಮ್ಮ ಮನೆಗಳಿಗೆ ಅಷ್ಟು ಬೇಕಾಗುವುದೇ ಇಲ್ಲ. ಒಂದು ಗಿಗಾಬೈಟಿನ ಕಡತವನ್ನು ಕಳಿಸಲು 100 ಮೆಗಾಬಿಟ್ ವೇಗದ ರಂಧ್ರವಾದರೆ ಕನಿಷ್ಠ 80 ಸೆಕೆಂಡು, 1000 ಮೆಗಾಬಿಟ್ ಆದರೆ 8 ಸೆಕೆಂಡು ಸಾಕು. ಕದಲದ ಯಂತ್ರಕ್ಕೆ ತಂತಿ, ಲ್ಯಾಪ್‌ಟಾಪಿಗೆ ವೈಫೈ ಎಂದು ಇಟ್ಟುಕೊಂಡರೆ ಅನುಕೂಲ.

ಕಡತಗಳನ್ನು ಹಂಚಿಕೊಳ್ಳುವುದು

ಇಲ್ಲಿ ವಿಂಡೋಸ್ ಯಂತ್ರಗಳ ಕ್ರಮವನ್ನು ಹೇಳುತ್ತೇವೆ.

1. ಎರಡು ಯಂತ್ರಗಳಲ್ಲಿಯೂ ಸೆಟ್ಟಿಂಗ್ಸ್ ತೆರೆದು, ಮನೆಯ ಸಂಪರ್ಕವನ್ನು 'ಪ್ರೈವೇಟ್' ಎಂದು ಗುರುತಿಸಬೇಕು. ರೈಲು ನಿಲ್ದಾಣ ಮೊದಲಾದ ಕಡೆ ಯಾವಾಗಲೂ 'ಪಬ್ಲಿಕ್' ಎಂದೇ ಇರಲಿ. ಬಳಿಕ 'ಫೈಲ್ ಅಂಡ್ ಪ್ರಿಂಟರ್ ಶೇರಿಂಗ್' ಎಂಬುದನ್ನು ಮೊದಲನೆಯ ಯಂತ್ರದಲ್ಲಿ ಆನ್ ಮಾಡಬೇಕು.

2. ಮೊದಲನೆಯ ಯಂತ್ರದಲ್ಲಿ ಹಂಚಿಕೆಗೆಂದೇ ಹೊಸ ಬಳಕೆದಾರನ ಹೆಸರನ್ನೂ ಪಾಸ್‌ವರ್ಡನ್ನೂ ಸೃಷ್ಟಿಸಬೇಕು. ಯಂತ್ರ ತೆರೆಯಲು ನಾವು ಒತ್ತುವ ನಾಲ್ಕಂಕಿಯ ಪಿನ್ ಇಲ್ಲಿ ನಡೆಯುವುದಿಲ್ಲ, ಪಾಸ್‌ವರ್ಡೇ ಬೇಕು. ಬಹಳ ಮಂದಿ ಎಡವುವುದು ಇಲ್ಲಿಯೇ.

3. ಹೊಸ ಫೋಲ್ಡರೊಂದನ್ನು ಮಾಡಿ, ಹಂಚಬೇಕಾದುದನ್ನು ಮಾತ್ರ ಅದರೊಳಗೆ ಇಡಬೇಕು. ಅದರ ಮೇಲೆ ಮೌಸಿನ ಬಲಗುಂಡಿ ಒತ್ತಿ, ಪ್ರಾಪರ್ಟೀಸ್, ಶೇರಿಂಗ್, ಶೇರ್ ಎಂದು ಮುಂದುವರಿದು ಆ ಬಳಕೆದಾರನ ಹೆಸರನ್ನು ಸೇರಿಸಬೇಕು. ಓದಿದರೆ ಸಾಕೆಂದಿದ್ದರೆ 'ರೀಡ್', ತಿದ್ದಲೂ ಬೇಕಾದರೆ 'ರೀಡ್/ರೈಟ್'.

4. ಎರಡನೆಯ ಯಂತ್ರದಲ್ಲಿ ಫೈಲ್ ಎಕ್ಸ್‌ಪ್ಲೋರರ್ ತೆರೆದು, ಮೇಲಿನ ವಿಳಾಸದ ಸಾಲಿನಲ್ಲಿ \\ ಎಂಬ ಎರಡು ಓರೆಗೆರೆಗಳನ್ನೂ ಅವುಗಳ ಮುಂದೆ ಮೊದಲನೆಯ ಯಂತ್ರದ ಹೆಸರನ್ನೂ ಬರೆದು ಎಂಟರ್ ಒತ್ತಬೇಕು. ಹೆಸರು, ಪಾಸ್‌ವರ್ಡ್ ಕೊಟ್ಟರೆ ಫೋಲ್ಡರ್ ಕಾಣುತ್ತದೆ. ಕಾಣದಿದ್ದರೆ ಮೊದಲನೆಯ ಯಂತ್ರ ನಿದ್ರೆಗೆ ಹೋಗಿದೆಯೇ ಎಂದು ನೋಡಿರಿ. ಆರಿದ ಯಂತ್ರದ ಕಡತ ಯಾರಿಗೂ ಸಿಕ್ಕದು.

ನಮ್ಮ ತಪ್ಪು

ವಾಚನಾಲಯದ ಎರಡು ಕಂಪ್ಯೂಟರುಗಳನ್ನು ಜೋಡಿಸಿದಾಗ ನಾವು ಮೂರನೆಯ ನಿಯಮವನ್ನು ಮೀರಿದೆವು. ಯಾವ ಫೋಲ್ಡರ್ ಯಾರಿಗೆ ಬೇಕೆಂದು ಕೂತು ಆರಿಸಲು ಬೇಸರಪಟ್ಟು, ಇಡೀ ಡಿಸ್ಕನ್ನೇ ಎಲ್ಲರಿಗೂ ತಿದ್ದುವ ಹಕ್ಕಿನೊಡನೆ ತೆರೆದುಬಿಟ್ಟೆವು. ಎರಡನೆಯ ಯಂತ್ರದಲ್ಲಿ ಕುಳಿತ ಹುಡುಗನೊಬ್ಬನು ಜಾಗ ಮಾಡಿಕೊಡುವ ಒಳ್ಳೆಯ ಮನಸ್ಸಿನಿಂದಲೇ ಕೆಲವು ಫೋಲ್ಡರುಗಳನ್ನು ಅಳಿಸಿದನು. ಅವುಗಳಲ್ಲಿ ಪುಸ್ತಕ ಎರವಲಿನ ಆರು ತಿಂಗಳ ಲೆಕ್ಕವೂ ಇತ್ತು. ರೀಸೈಕಲ್ ಬಿನ್ನಿನಲ್ಲಿ ಇದ್ದೀತೆಂದು ಹುಡುಕಿದೆವು, ಇರಲಿಲ್ಲ. ಬೇರೆ ಯಂತ್ರದಿಂದ ಹಂಚಿಕೆಯ ಮೂಲಕ ಅಳಿಸಿದ್ದು ಆ ಬುಟ್ಟಿಗೆ ಬೀಳುವುದಿಲ್ಲ, ನೇರವಾಗಿ ಹೋಗಿಬಿಡುತ್ತದೆ ಎಂಬುದು ನಮಗೆ ತಿಳಿದದ್ದು ಆಗಲೇ. ಓದುಗರು ಸಹಿ ಹಾಕಿದ ಚೀಟಿಗಳನ್ನು ಎಸೆದಿರಲಿಲ್ಲವಾದ್ದರಿಂದ, ನಾಲ್ಕು ಭಾನುವಾರ ಕುಳಿತು ಲೆಕ್ಕವನ್ನು ಮತ್ತೆ ಬರೆದೆವು. ತಪ್ಪು ಹುಡುಗನದಲ್ಲ. ಬೀರುವಿನ ಬೀಗ ತೆಗೆದಿಟ್ಟವರು ನಾವು.

ವೈಫೈ ಪಾಸ್‌ವರ್ಡಿನ ಮಾತೂ ಇಂಥದೇ. ನೆರೆಮನೆಯವರು ಕೇಳಿದರೆ ಇಲ್ಲವೆನ್ನಲು ನಮಗೆ ಸಂಕೋಚ. ಆದರೆ ಅದನ್ನು ಕೊಟ್ಟೊಡನೆ ಅವರ ಯಂತ್ರವೂ ನಮ್ಮ ಬಾಗಿಲೊಳಗಿನದೇ ಆಗುತ್ತದೆ. ಅನೇಕ ರೌಟರುಗಳಲ್ಲಿ 'ಗೆಸ್ಟ್' ಎಂಬ ಬೇರೆ ಸಂಪರ್ಕವಿರುತ್ತದೆ. ಕೊಡುವುದಾದರೆ ಅದನ್ನು ಕೊಡುವುದು ಮೇಲು. ಸ್ನೇಹವೂ ಉಳಿದೀತು, ಕಾಗದಪತ್ರವೂ ಉಳಿದೀತು.

2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ದುಷ್ಟ ಕಾರ್ಯಕ್ರಮವು ವಿಂಡೋಸಿನ ಇದೇ ಹಂಚಿಕೆಯ ವ್ಯವಸ್ಥೆಯಲ್ಲಿದ್ದ ದೋಷವೊಂದರ ಮೂಲಕ ಸುಮಾರು 150 ದೇಶಗಳ ಯಂತ್ರಗಳಿಗೆ ಹರಡಿ, ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಆ ದೋಷದ ದುರಸ್ತಿಯನ್ನು ಮೈಕ್ರೋಸಾಫ್ಟ್ ಅದೇ ವರ್ಷದ ಮಾರ್ಚಿಯಲ್ಲಿಯೇ ಕೊಟ್ಟಿತ್ತು. ಹಾಕಿಕೊಳ್ಳದೆ ಇದ್ದವರೇ ಹೆಚ್ಚಾಗಿ ಸಿಕ್ಕಿಬಿದ್ದರು. ಆದ್ದರಿಂದ 'ಅಪ್‌ಡೇಟ್' ಎಂದು ಯಂತ್ರ ಕೇಳಿದಾಗ ನಾಳೆ ನೋಡೋಣವೆಂದು ತಳ್ಳಬಾರದು.

ಕೊನೆಯದಾಗಿ ಒಂದು ಮಾತು. ಹಂಚಿಕೆ ಬೇರೆ, ನಕಲು ಬೇರೆ. ಎರಡು ಯಂತ್ರಗಳಲ್ಲಿ ಕಾಣುವ ಕಡತ ಎರಡು ಕಡೆ ಇರುವುದಿಲ್ಲ. ಇರುವುದು ಒಂದೇ ಕಡೆ. ಮಗಳ ಅಂಕಪಟ್ಟಿ, ಭವಿಷ್ಯನಿಧಿಯ ಕಾಗದ, ಊರಿನ ಜಮೀನಿನ ಪಹಣಿ, ಇವುಗಳ ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ತೆಗೆದು, ಯಂತ್ರದಿಂದ ಬಿಡಿಸಿ, ಪೆಟ್ಟಿಗೆಯಲ್ಲಿ ಇಡಿರಿ. ಕಾರ್ಬನ್ ಪ್ರತಿಯಿಲ್ಲದೆ ಕಾಗದ ಕಳಿಸದ ಗುಮಾಸ್ತ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೋಡಿಸುವಾಗ ತೊಡಕು ಬಂದವರು ಭಾನುವಾರ ವಾಚನಾಲಯಕ್ಕೆ ಬಂದರೆ, ನಮ್ಮ ಎರಡು ಯಂತ್ರಗಳಲ್ಲಿಯೇ ಮಾಡಿ ತೋರಿಸುತ್ತೇವೆ.