ಕಮಿಟೆಡ್ ಎಂದು ಬರೆಯುವ ಮೊದಲು

ಅಮೆರಿಕದ ಕಾಲೇಜು ತಂಡ ಸೇರಲು ಹೊರಟಿರುವ ನಮ್ಮ ಈಜುಗಾರ್ತಿಗೆ,



ನಿನ್ನ ವಯಸ್ಸಿನ ಅಮೆರಿಕದ ಆಟಗಾರರ ಇನ್‌ಸ್ಟಾಗ್ರಾಂ ಪುಟಗಳನ್ನು ನೀನು ದಿನವೂ ನೋಡುತ್ತಿರುತ್ತೀಯ. ಕಾಲೇಜಿನ ಬಣ್ಣದ ಹಿನ್ನೆಲೆ, ಸುತ್ತ ಹೊಗೆ, ನಡುವೆ ಜೆರ್ಸಿ ತೊಟ್ಟ ಹುಡುಗ ಅಥವಾ ಹುಡುಗಿ, ಅಡ್ಡಲಾಗಿ ದಪ್ಪ ಅಕ್ಷರಗಳಲ್ಲಿ 'ಕಮಿಟೆಡ್'. ಕೆಳಗೆ ದೇವರಿಗೆ, ಅಪ್ಪ ಅಮ್ಮನಿಗೆ, ಕೋಚ್‌ಗಳಿಗೆ ಕೃತಜ್ಞತೆ. ಈಜುಗಾರರದ್ದಾದರೆ ಸ್ವಿಮ್‌ಸ್ವಾಮ್ ಎಂಬ ಈಜು ಸುದ್ದಿಯ ಜಾಲತಾಣದಲ್ಲೂ ಸುದ್ದಿ ಬರುತ್ತದೆ, ಜೊತೆಗೆ ಅವರ ಅತ್ಯುತ್ತಮ ಟೈಮಿಂಗ್‌ಗಳ ಪಟ್ಟಿ. ಅಂಥದ್ದೊಂದು ಚಿತ್ರ ತನ್ನದೂ ಇರಬೇಕೆಂಬ ಆಸೆಯಲ್ಲಿ ತಪ್ಪೇನಿಲ್ಲ. ಬೆಳಗಿನ ಚಳಿಯಲ್ಲಿ ವರ್ಷಗಟ್ಟಲೆ ನೀರಿಗಿಳಿದವಳು ಒಂದು ದಿನ ಊರಿಗೆಲ್ಲ ಸಂತೋಷ ಹಂಚಿದರೆ ಅದು ನ್ಯಾಯವೇ. ಆದರೆ ಆ ಚಿತ್ರದ ಹಿಂದೆ ಏನಿರುತ್ತದೆ, ಏನಿರುವುದಿಲ್ಲ ಎಂಬುದು ನಿನಗೆ ಮೊದಲೇ ಗೊತ್ತಿರಬೇಕು.

ಹೆಚ್ಚಿನ ಕ್ರೀಡೆಗಳಲ್ಲಿ ಹತ್ತನೆಯ ತರಗತಿ ಮುಗಿದ ಮೇಲಿನ ಜೂನ್ 15ರಿಂದ ಕಾಲೇಜು ಕೋಚ್‌ಗಳು ಹುಡುಗರನ್ನು ನೇರವಾಗಿ ಸಂಪರ್ಕಿಸಬಹುದು. ಆ ಮಾತುಕತೆಯ ಕೊನೆಯಲ್ಲಿ 'ಬಾ' ಎಂದು ಕೋಚ್, 'ಬರುತ್ತೇನೆ' ಎಂದು ಆಟಗಾರ್ತಿ. ಇದಕ್ಕೆ ವರ್ಬಲ್ ಕಮಿಟ್‌ಮೆಂಟ್ ಎನ್ನುತ್ತಾರೆ. ಎರಡು ಮನೆಯವರು ಜಗಲಿಯಲ್ಲಿ ಕೂತು ಬಾಯ್ಮಾತಿನಲ್ಲಿ ಒಪ್ಪಿಕೊಂಡಂತೆ ಇದು. ಲಗ್ನಪತ್ರಿಕೆ ಇನ್ನೂ ಬರೆದಿಲ್ಲ. ಇಬ್ಬರಲ್ಲಿ ಯಾರು ಬೇಕಾದರೂ ಹಿಂದೆ ಸರಿಯಬಹುದು. 1964ರಿಂದ ಅರವತ್ತು ವರ್ಷ 'ನ್ಯಾಷನಲ್ ಲೆಟರ್ ಆಫ್ ಇಂಟೆಂಟ್' ಎಂಬ ಕರಾರುಪತ್ರವಿತ್ತು. ಅದಕ್ಕೆ ಸಹಿ ಬಿದ್ದ ಮೇಲೆಯೇ ಮಾತು ಗಟ್ಟಿ. 2024ರ ಅಕ್ಟೋಬರ್‌ನಲ್ಲಿ ಅದನ್ನು ರದ್ದು ಮಾಡಿ, ಕಾಲೇಜು ಲಿಖಿತವಾಗಿ ಕೊಡುವ ಆರ್ಥಿಕ ನೆರವಿನ ಒಪ್ಪಂದಕ್ಕೇ ಆ ಜಾಗ ಕೊಟ್ಟರು. ಇನ್‌ಸ್ಟಾಗ್ರಾಂನಲ್ಲಿ ಕಾಣುವ ಘೋಷಣೆಗಳಲ್ಲಿ ಬಹುಪಾಲು ಈ ಕಾಗದಕ್ಕಿಂತ ತಿಂಗಳುಗಟ್ಟಲೆ ಮುಂಚಿನವು.

ರೊಕ್ವಾನ್ ಸ್ಮಿತ್ ಕಥೆಯನ್ನು ನೀನು ತಿಳಿದಿರಬೇಕು. ಜಾರ್ಜಿಯಾ ರಾಜ್ಯದ ಸಣ್ಣ ಊರಿನ ಅಮೆರಿಕನ್ ಫುಟ್‌ಬಾಲ್ ಹುಡುಗ. 2015ರ ಫೆಬ್ರವರಿಯಲ್ಲಿ, ಕರಾರುಪತ್ರಕ್ಕೆ ಸಹಿ ಹಾಕುವ ಸೈನಿಂಗ್ ಡೇಯಂದು, ಟಿವಿ ಕ್ಯಾಮೆರಾದ ಮುಂದೆ ಯುಸಿಎಲ್‌ಎ ಗ್ಲೌಸ್ ಹಾಕಿಕೊಂಡು, ಅಲ್ಲಿಗೇ ಹೋಗುತ್ತೇನೆಂದು ಘೋಷಿಸಿದ. ಅಷ್ಟರಲ್ಲಿ, ಅವನನ್ನು ಆ ಕಾಲೇಜಿಗೆ ಒಲಿಸಿದ್ದ ಕೋಚ್ ಜೆಫ್ ಉಲ್‌ಬ್ರಿಕ್ ಕಾಲೇಜು ಬಿಟ್ಟು ವೃತ್ತಿಪರ ತಂಡವಾದ ಅಟ್ಲಾಂಟಾ ಫಾಲ್ಕನ್ಸ್ ಸೇರುತ್ತಿದ್ದಾರೆಂಬ ಸುದ್ದಿ ಬಂತು. ಘೋಷಣೆ ಆಗಿಹೋಗಿತ್ತು, ಆದರೆ ಕರಾರುಪತ್ರ ಇನ್ನೂ ಕಾಲೇಜಿಗೆ ಹೋಗಿರಲಿಲ್ಲ. ಹುಡುಗ ಅದನ್ನು ಕಳಿಸದೆ ತಡೆದ. ಕೆಲವು ದಿನ ಯೋಚಿಸಿ ಜಾರ್ಜಿಯಾ ವಿಶ್ವವಿದ್ಯಾಲಯ ಆರಿಸಿಕೊಂಡ. ಅಲ್ಲೂ ಲೆಟರ್ ಆಫ್ ಇಂಟೆಂಟ್‌ಗೆ ಸಹಿ ಹಾಕಲಿಲ್ಲ. ತನ್ನನ್ನು ಕಟ್ಟಿಹಾಕದ ಸ್ಕಾಲರ್‌ಶಿಪ್ ಒಪ್ಪಂದಕ್ಕೆ ಮಾತ್ರ ಸಹಿ ಹಾಕಿದ. 2017ರಲ್ಲಿ ದೇಶದ ಅತ್ಯುತ್ತಮ ಲೈನ್‌ಬ್ಯಾಕರ್‌ಗೆ ಕೊಡುವ ಬಟ್‌ಕಸ್ ಪ್ರಶಸ್ತಿ ಅವನಿಗೆ ಬಂತು, ಮರುವರ್ಷ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ಡ್ರಾಫ್ಟ್‌ನಲ್ಲಿ ಎಂಟನೆಯವನಾಗಿ ಆಯ್ಕೆಯಾದ. ಟಿವಿಯಲ್ಲಿ ಹೇಳಿಬಿಟ್ಟೆನಲ್ಲ ಎಂಬ ಸಂಕೋಚಕ್ಕೆ ಬಿದ್ದು ಆ ಕಾಗದ ಕಳಿಸಿದ್ದರೆ, ಕರೆದ ಕೋಚ್ ಇಲ್ಲದ ತಂಡಕ್ಕೆ ಸಿಕ್ಕಿಕೊಳ್ಳುತ್ತಿದ್ದ. ಹದಿನೇಳು ಹದಿನೆಂಟರ ಹುಡುಗನಿಗೆ ಅಂಥ ಸಂಕೋಚವನ್ನು ಮೀರುವುದು ಸುಲಭವಲ್ಲ.

ಅವನದು ಹತ್ತು ವರ್ಷದ ಹಿಂದಿನ ಮಾತು, ಫುಟ್‌ಬಾಲಿನ ಮಾತು ಎನ್ನುತ್ತೀಯೇನೋ. ನಿನ್ನ ಕ್ರೀಡೆಗೇ ಬರೋಣ. ಆಟಗಾರರಿಗೆ ಕಾಲೇಜುಗಳೇ ನೇರವಾಗಿ ಹಣ ಕೊಡಲು ದಾರಿ ಮಾಡಿದ 'ಹೌಸ್' ಮೊಕದ್ದಮೆಯ ಒಪ್ಪಂದದಲ್ಲಿ, ಪ್ರತಿ ತಂಡದಲ್ಲಿ ಇಷ್ಟೇ ಜನ ಇರಬೇಕೆಂಬ ಮಿತಿಯೂ ಬಂತು. ಆ ಮಿತಿ ಜಾರಿಯಾಗುವ ಮೊದಲೇ ಕಾಲೇಜುಗಳು ತಂಡಗಳನ್ನು ಕತ್ತರಿಸತೊಡಗಿದವು. ಈಜು, ಅಥ್ಲೆಟಿಕ್ಸ್‌ನಂಥ ಕ್ರೀಡೆಗಳಲ್ಲಿ 'ಕಮಿಟೆಡ್' ಎಂದು ಹಾಕಿಕೊಂಡು, ಬೇರೆ ಕಾಲೇಜುಗಳಿಗೆ ಬರುವುದಿಲ್ಲವೆಂದು ತಿಳಿಸಿದ್ದ ಮಕ್ಕಳಿಗೆ ಫೋನ್ ಬಂತು: ಜಾಗವಿಲ್ಲ. ಅವರ ಪೋಸ್ಟ್‌ಗಳು ಹಾಗೇ ಇದ್ದವು, ಅಭಿನಂದನೆಗಳೂ ಹಾಗೇ ಇದ್ದವು. ಕ್ಯಾಲಿಫೋರ್ನಿಯಾದ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ 2025ರ ಏಪ್ರಿಲ್‌ನಲ್ಲಿ ಈ ಅನ್ಯಾಯದ ಕಾರಣಕ್ಕೇ ಒಪ್ಪಂದವನ್ನು ತಡೆಹಿಡಿದರು. ಹೀಗೆ ಜಾಗ ಕಳೆದುಕೊಂಡವರನ್ನು ಮಿತಿಯಿಂದ ಹೊರಗಿಡಲು ಅವಕಾಶ ಸೇರಿಸಿದ ಮೇಲೆ ಜೂನ್ 6ರಂದು ಒಪ್ಪಿಗೆ ಕೊಟ್ಟರು. ಆದರೂ ಅದು ಅವಕಾಶ ಮಾತ್ರ. ಅವರನ್ನು ತಿರುಗಿ ಸೇರಿಸಿಕೊಳ್ಳಲೇಬೇಕೆಂದು ಯಾವ ಕಾಲೇಜಿಗೂ ಕಡ್ಡಾಯವಿಲ್ಲ.

ಇನ್ನು ಹಣದ ಮಾತು. ಪೋಸ್ಟ್‌ನಲ್ಲಿ ಕಾಲೇಜಿನ ಹೆಸರಿರುತ್ತದೆ, ಕಾಲೇಜು ಕೊಡುವ ಹಣ ಎಷ್ಟೆಂದು ಇರುವುದಿಲ್ಲ. 2025ರವರೆಗೆ ಕಾಲೇಜು ಕ್ರೀಡೆಯ ಮೇಲಿನ ಸ್ತರವಾದ ಡಿವಿಷನ್ ಒನ್‌ನ ಮಹಿಳೆಯರ ಈಜು ತಂಡಕ್ಕೆ ಇದ್ದದ್ದು 14 ಪೂರ್ಣ ಸ್ಕಾಲರ್‌ಶಿಪ್‌ಗಳ ಹಣ, ಪುರುಷರಿಗೆ 9.9. ಅದನ್ನೇ ಇಡೀ ತಂಡಕ್ಕೆ ಹಂಚುತ್ತಿದ್ದರು. ಒಬ್ಬಳಿಗೆ ಪೂರ್ತಿ, ಇನ್ನೊಬ್ಬಳಿಗೆ ಕಾಲು ಭಾಗ, ಮತ್ತೊಬ್ಬಳಿಗೆ ಪುಸ್ತಕದ ಖರ್ಚು. ಮೂವರ ಚಿತ್ರದಲ್ಲೂ ಅದೇ ಹೊಗೆ, ಅದೇ ಅಕ್ಷರ. ಈಗ ಹೌಸ್ ಒಪ್ಪಂದಕ್ಕೆ ಸೇರಿದ ಕಾಲೇಜುಗಳಲ್ಲಿ ಸ್ಕಾಲರ್‌ಶಿಪ್ ಮಿತಿ ಹೋಗಿದೆ, ಆದರೆ ಯಾರಿಗೆ ಎಷ್ಟು ಎಂಬುದು ಕಾಲೇಜಿನ ಇಚ್ಛೆಗೇ ಬಿಟ್ಟದ್ದು. ಟ್ಯೂಷನ್ ಫೀ ಎಷ್ಟು, ವಸತಿ ಊಟ ಸೇರಿದೆಯೇ, ಆರೋಗ್ಯ ವಿಮೆ ಯಾರದು, ಒಂದು ವರ್ಷಕ್ಕೋ ನಾಲ್ಕು ವರ್ಷಕ್ಕೋ, ಭುಜಕ್ಕೆ ಪೆಟ್ಟಾದರೆ ಏನು? ಇಷ್ಟನ್ನೂ ಇಮೇಲ್‌ನಲ್ಲಿ ಬರೆಸಿಕೊ. ಕೇಳಲು ನಾಚಬೇಡ, ನಾಚುವಂಥದ್ದೇನೂ ಇದರಲ್ಲಿಲ್ಲ. ರೂಪಾಯಿ ಲೆಕ್ಕದಲ್ಲಿ ಬದುಕುವ ಮನೆಗೆ ಕಾಲು ಸ್ಕಾಲರ್‌ಶಿಪ್‌ಗೂ ಮುಕ್ಕಾಲಕ್ಕೂ ಇರುವ ಅಂತರವೆಂದರೆ ಒಂದು ಸೈಟಿನ ಬೆಲೆ.

ಬ್ರ್ಯಾಂಡ್‌ಗಳ ವಿಷಯದಲ್ಲೂ ಎಚ್ಚರ. 2021ರ ಜುಲೈನಿಂದ ಅಮೆರಿಕದ ಕಾಲೇಜು ಆಟಗಾರರು ತಮ್ಮ ಹೆಸರು, ಚಿತ್ರ ಬಳಸಿ ದುಡಿಯಬಹುದು. ಆದರೆ ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಹೋಗುವ ನಿನಗೆ ದುಡಿಮೆಯ ಮೇಲೆ ಕಟ್ಟುನಿಟ್ಟಾದ ಮಿತಿಗಳಿವೆ. ಯಾವುದೇ ಕಂಪನಿಗಾಗಿ ಪೋಸ್ಟ್ ಹಾಕುವ ಮೊದಲು ಕಾಲೇಜಿನ ವಿದೇಶಿ ವಿದ್ಯಾರ್ಥಿಗಳ ಕಚೇರಿಯನ್ನು ಕೇಳು.

ಘೋಷಿಸುವ ಬಗೆ ಹೇಗಿರಬೇಕು? 2018ರ ಫೆಬ್ರವರಿಯಲ್ಲಿ ಫ್ಲಾರಿಡಾದ ಫುಟ್‌ಬಾಲ್ ಆಟಗಾರ ಜೇಕಬ್ ಕೋಪ್‌ಲ್ಯಾಂಡ್ ಟಿವಿ ನೇರಪ್ರಸಾರದಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯವನ್ನು ಆರಿಸಿಕೊಂಡ. ಪಕ್ಕದಲ್ಲಿ ಕೂತಿದ್ದ ತಾಯಿಯ ಮೈಮೇಲೆ ಅಲಬಾಮಾ ಕಾಲೇಜಿನ ಅಂಗಿ, ತಲೆಯ ಮೇಲೆ ಟೆನೆಸ್ಸೀ ಟೋಪಿ. ಮಗನ ಮಾತು ಮುಗಿಯುತ್ತಲೇ ಆಕೆ ಎದ್ದು ನಡೆದುಬಿಟ್ಟರು. ಸ್ವಲ್ಪ ಹೊತ್ತಿಗೆ ತಿರುಗಿ ಬಂದು ಮಗನನ್ನು ತಬ್ಬಿಕೊಂಡರು. ಆದರೆ ಇಂದಿಗೂ ದೇಶ ನೋಡುವುದು ಆಕೆ ಎದ್ದುಹೋದ ದೃಶ್ಯವನ್ನೇ. ಮನೆಯಲ್ಲಿ ಮುಗಿಯಬೇಕಾದ ಭಿನ್ನಾಭಿಪ್ರಾಯಕ್ಕೆ ಕ್ಯಾಮೆರಾ ಸಾಕ್ಷಿಯಾಗಬಾರದಿತ್ತು.

ಇದಕ್ಕೆ ತದ್ವಿರುದ್ಧ ಆರ್ಚ್ ಮ್ಯಾನಿಂಗ್. ಅಜ್ಜ ಆರ್ಚಿ, ಚಿಕ್ಕಪ್ಪಂದಿರಾದ ಪೇಟನ್, ಈಲೈ ಎಲ್ಲರೂ ಎನ್‌ಎಫ್‌ಎಲ್ ಕ್ವಾರ್ಟರ್‌ಬ್ಯಾಕ್‌ಗಳು. 2022ರಲ್ಲಿ ಇಡೀ ದೇಶ ಕಾಯುತ್ತಿದ್ದದ್ದು ಇವನ ನಿರ್ಧಾರಕ್ಕೆ. ಆ ವರ್ಷದ ಜೂನ್ 23ರಂದು ತನ್ನ ಟ್ವಿಟರ್ ಖಾತೆಯ ಮೊತ್ತಮೊದಲ ಟ್ವೀಟ್‌ನಲ್ಲಿ, ಟೆಕ್ಸಸ್ ಸೇರುತ್ತೇನೆಂದು ಒಂದೇ ಸಾಲು ಬರೆದು ಮುಗಿಸಿದ. ಮುಂದೆ ಕಾಲೇಜುಗಳ ಟೋಪಿಗಳ ಸಾಲಿಲ್ಲ, ಡೋಲಿಲ್ಲ. ಬ್ಯಾಸ್ಕೆಟ್‌ಬಾಲ್ ಆಟಗಾರ್ತಿ ಕೆಯ್ಟ್ಲಿನ್ ಕ್ಲಾರ್ಕ್ ಇನ್ನೂ ಒಂದು ಹೆಜ್ಜೆ ಮುಂದೆ. ಮೊದಲು ನೋಟರ್ ಡೇಮ್ ಕೋಚ್‌ಗೆ ಬರುತ್ತೇನೆಂದು ಹೇಳಿದ್ದಳು, ಊರಿಗೆ ಹೇಳಿರಲಿಲ್ಲ. ಮನಸ್ಸು ಬದಲಾಗಿ 2019ರ ನವೆಂಬರ್‌ನಲ್ಲಿ ಅಯೋವಾ ಎಂದು ಪ್ರಕಟಿಸಿದಾಗ ಹಿಂಪಡೆಯಬೇಕಾದ ಘೋಷಣೆಯೇ ಇರಲಿಲ್ಲ.

ಪೋಸ್ಟ್ ಹಾಕಿದ ದಿನ ಅಪರಿಚಿತರು ನಿನ್ನ ಹಳೆಯ ಪುಟಗಳಿಗೂ ಇಳಿಯುತ್ತಾರೆ. ಕೈಲರ್ ಮರ್ರೆಗೆ 2018ರ ಡಿಸೆಂಬರ್‌ನಲ್ಲಿ ಕಾಲೇಜು ಫುಟ್‌ಬಾಲಿನ ಹೈಸ್ಮನ್ ಟ್ರೋಫಿ ಸಿಕ್ಕ ರಾತ್ರಿಯೇ, ಹದಿನಾಲ್ಕು ಹದಿನೈದರ ವಯಸ್ಸಿನಲ್ಲಿ ಬರೆದ ಕೀಳು ಟ್ವೀಟ್‌ಗಳು ಹೊರಬಂದವು. ಅವನು ಕ್ಷಮೆ ಕೇಳಬೇಕಾಯಿತು. ಹಾಗಾಗಿ ಹಳೆಯದನ್ನೆಲ್ಲ ಈಗಲೇ ಕೂತು ಓದು.

ಆಫರ್ ಬಾರದ ಗೆಳತಿಯರನ್ನೂ ನೆನೆ. ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆಯಾದ ಎನ್‌ಸಿಎಎ ಲೆಕ್ಕದಲ್ಲಿ ಅಮೆರಿಕದ ಹೈಸ್ಕೂಲ್ ಆಟಗಾರರಲ್ಲಿ ನೂರಕ್ಕೆ ಸುಮಾರು ಏಳು ಮಂದಿ ಮಾತ್ರ ಅದರ ಕಾಲೇಜು ತಂಡಗಳನ್ನು ಸೇರುತ್ತಾರೆ, ಡಿವಿಷನ್ ಒನ್‌ಗಾದರೆ ಸುಮಾರು ಇಬ್ಬರು. ಉಳಿದವರು ಪ್ರತಿದಿನ ಬೇರೆಯವರ ಘೋಷಣೆ ನೋಡುತ್ತಾರೆ. ಈ ಒತ್ತಡಕ್ಕೆ ಸಿಕ್ಕ ನೆವಾಡಾದ ಒಬ್ಬ ಹುಡುಗ 2008ರಲ್ಲಿ ಇಡೀ ಶಾಲೆಯನ್ನು ಸೇರಿಸಿ, ಎರಡು ಕಾಲೇಜುಗಳ ಟೋಪಿ ಇಟ್ಟು, ಒಂದನ್ನು ಆರಿಸಿಕೊಂಡ. ಆ ಎರಡೂ ಕಾಲೇಜುಗಳು ಅವನನ್ನು ಕರೆದೇ ಇರಲಿಲ್ಲ. ಅವನ ಮೇಲೆ ಕೋಪ ಬರುವುದಿಲ್ಲ, ಸಂಕಟವಾಗುತ್ತದೆ. ಕ್ಯಾಲಿಫೋರ್ನಿಯಾದ ಜಾಶ್ ಅಲೆನ್‌ಗೂ ಹೈಸ್ಕೂಲ್ ಮುಗಿದಾಗ ದೊಡ್ಡ ಕಾಲೇಜುಗಳ ಆಫರ್ ಬರಲಿಲ್ಲ. ಅವನು ರೀಡ್ಲಿ ಎಂಬ ಎರಡು ವರ್ಷದ ಕಾಲೇಜಿಗೆ ಹೋದ, ಅಲ್ಲಿಂದ ಕೋಚ್‌ಗಳಿಗೆ ಸಾಲುಸಾಲು ಇಮೇಲ್ ಬರೆದ, ಕೊನೆಗೆ ವಯೋಮಿಂಗ್ ಕರೆಯಿತು. 2024ರ ಸೀಸನ್ನಿನ ಎನ್‌ಎಫ್‌ಎಲ್‌ನ ಅತ್ಯಮೂಲ್ಯ ಆಟಗಾರ ಅವನೇ. ಬೆಂಗಳೂರಿನ ನಿನ್ನ ಲೇನಿನ ಗೆಳತಿಯೂ ಇಮೇಲ್ ಬರೆಯಲಿ. ನಿನಗೆ ಗೊತ್ತಿರುವ ಕೋಚ್‌ಗಳ ವಿಳಾಸವನ್ನು ಅವಳಿಗೂ ಕೊಡು.

ಕೊನೆಗೊಂದು ಕೋರಿಕೆ. ಸ್ಕಾಲರ್‌ಶಿಪ್‌ನ ಕಾಗದ ಕೈಸೇರಿದ ದಿನ, ಪೋಸ್ಟ್‌ಗೆ ಕೈ ಹಾಕುವ ಮೊದಲು, ನಿನ್ನನ್ನು ಕರೆದು ನೀನು ಬೇಡವೆಂದ ಪ್ರತಿಯೊಬ್ಬ ಕೋಚ್‌ಗೂ ಫೋನ್ ಮಾಡಿ ವಿಷಯ ತಿಳಿಸಿ, ಕೃತಜ್ಞತೆ ಹೇಳು. ಮೆಸೇಜ್ ಬೇಡ, ಫೋನ್ ಮಾಡು. ಅವರು ಆ ಸೀಟನ್ನು ಇನ್ನೊಬ್ಬಳಿಗೆ ಕೊಡಬೇಕಾಗಿರುತ್ತದೆ, ಮತ್ತು ಆ ಇನ್ನೊಬ್ಬಳು ಎಲ್ಲೋ ಕಾಯುತ್ತಿದ್ದಾಳೆ.

ಇಂತಿ,
ನಿನ್ನ ಹಿತೈಷಿ