ಫ್ರೀ ರ‍್ಯಾಡಿಕಲ್‌ಗಳು ಮತ್ತು ಹೆಬ್ಬೆಯ ಕಾಫಿ

ಜೋಡಿಯಿಲ್ಲದ ಎಲೆಕ್ಟ್ರಾನ್ ಇರುವ ಪರಮಾಣು ಅಥವಾ ಅಣುವೇ ಫ್ರೀ ರ‍್ಯಾಡಿಕಲ್. ಉಸಿರಾಟದ ವೇಳೆ ಮೈಟೊಕಾಂಡ್ರಿಯಾದಲ್ಲೇ ಫ್ರೀ ರ‍್ಯಾಡಿಕಲ್ ಆದ ಸೂಪರ್‌ಆಕ್ಸೈಡ್ ಹುಟ್ಟುತ್ತದೆ. ತಂಬಾಕಿನ ಹೊಗೆ, ವಿಕಿರಣ ಹೊರಗಿನ ಮೂಲಗಳು. ಫ್ರೀ ರ‍್ಯಾಡಿಕಲ್‌ಗಳು ಬರೀ ಕೆಡುಕಿನವಲ್ಲ: ಬಿಳಿ ರಕ್ತಕಣಗಳು ಬ್ಯಾಕ್ಟೀರಿಯಾ ಕೊಲ್ಲಲು ಇವನ್ನೇ ಬಳಸುತ್ತವೆ. ಮಿತಿಮೀರಿದರೆ ಡಿಎನ್‌ಎಗೂ ಕೋಶಪೊರೆಯ ಕೊಬ್ಬಿಗೂ ಹಾನಿ. ಹೃದ್ರೋಗ, ಕ್ಯಾನ್ಸರ್‌ಗಳಲ್ಲಿ ಇದರ ಪಾತ್ರವಿದೆ.

ತರೀಕೆರೆ ತಾಲ್ಲೂಕಿನ ಹೆಬ್ಬೆ ಜಲಪಾತಕ್ಕೆ ಕಾಫಿ ತೋಟಗಳ ನಡುವೆಯೇ ದಾರಿ. ಕಾಫಿಯ ಹಸಿರು ಬೀಜದಲ್ಲಿರುವ ಕ್ಲೋರೋಜೆನಿಕ್ ಆಮ್ಲ ಫ್ರೀ ರ‍್ಯಾಡಿಕಲ್‌ಗಳನ್ನು ತಣಿಸುವ ಒಂದು ಉತ್ಕರ್ಷಣ ನಿರೋಧಕ. ಬೀಜವನ್ನು ಕಪ್ಪಗೆ ಹುರಿದಷ್ಟೂ ಅದು ಕಡಿಮೆಯಾಗುತ್ತದೆ.

ನೆನಪಿಡಿ: ಮುಪ್ಪಿನ ಫ್ರೀ ರ‍್ಯಾಡಿಕಲ್ ಸಿದ್ಧಾಂತ—ಡೆನ್ಹಮ್ ಹಾರ್ಮನ್, 1956. ಉತ್ಕರ್ಷಣ ನಿರೋಧಕದ ಮಾತ್ರೆ ನುಂಗಿದರೆ ರಕ್ಷಣೆ ಖಚಿತ ಎಂಬ ಹೇಳಿಕೆ ಬಂದರೆ ತಪ್ಪೆಂದೇ ಗುರುತಿಸಿ. 1994ರ ಫಿನ್ಲೆಂಡ್ ಅಧ್ಯಯನದಲ್ಲಿ ಬೀಟಾ ಕ್ಯಾರೋಟಿನ್ ಮಾತ್ರೆ ಸೇವಿಸಿದ ಧೂಮಪಾನಿಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಾಗಿತ್ತು.