ಗಣಕಯಂತ್ರದೊಳಗಿನ ಶಾನುಭೋಗ

ಐದನೆಯ ತರಗತಿಯ ಹುಡುಗಿಯೊಬ್ಬಳು ಅಜ್ಜಿ ಹೇಳಿದ ಕಥೆಯನ್ನು ಶಾಲೆಯ ಕಂಪ್ಯೂಟರಿನಲ್ಲಿ ಬೆರಳಚ್ಚು ಮಾಡುತ್ತಿದ್ದಳು. ಕಥೆಯ ನಡುವೆ ದೊಡ್ಡ ದೊಡ್ಡ ಚಿತ್ರಗಳನ್ನೂ ಸೇರಿಸಿದ್ದಳು. ಗೆಳತಿಯರು ಅದೇ ಯಂತ್ರದಲ್ಲಿ ಹಾಡು, ಆಟಗಳನ್ನು ಒಂದರ ಮೇಲೊಂದು ತೆರೆದರು. ಯಂತ್ರ ನಿಧಾನವಾಯಿತು. ಥಟ್ಟನೆ ಕಥೆಯ ಕಿಟಕಿಯೇ ಮಾಯವಾಯಿತು!

"ಮಾಷ್ಟ್ರೇ, ನನ್ನ ಕಥೆಯನ್ನು ಯಾರು ಅಳಿಸಿದ್ದು?"

"ಯಾರೂ ಅಳಿಸಲಿಲ್ಲ ಮಗೂ, ಒಳಗಿರುವ ಶಾನುಭೋಗರು ಮುಚ್ಚಿಸಿದರು" ಎಂದರು ಮಾಷ್ಟ್ರು. ಎಲ್ಲರೂ ನಕ್ಕರು. ಅವಳು ನಗಲಿಲ್ಲ.

ಮಕ್ಕಳೇ, ಹಿಂದೆ ಊರಿನ ಯಾವ ಗದ್ದೆ ಯಾರ ಕೈಯಲ್ಲಿದೆ ಎಂಬ ಲೆಕ್ಕವನ್ನು ಶಾನುಭೋಗರು ಬರೆದಿಡುತ್ತಿದ್ದರು. ಕಂಪ್ಯೂಟರಿನ ಸ್ಮೃತಿಯಲ್ಲಿ ಅಂಥ ಲೆಕ್ಕ ಇಡುವುದು ಕರ್ನೆಲ್. ಕೇರಳದ ಶಾಲೆಗಳಲ್ಲಿ ಬಳಕೆಯಲ್ಲಿರುವ ಲಿನಕ್ಸ್ ಕರ್ನೆಲನ್ನು 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಬರೆಯತೊಡಗಿದರು.

ಕರ್ನೆಲ್ ಸ್ಮೃತಿಯನ್ನು ಪುಟಗಳಾಗಿ ವಿಂಗಡಿಸುತ್ತದೆ. ಸಾಮಾನ್ಯವಾಗಿ ಒಂದು ಪುಟಕ್ಕೆ 4096 ಬೈಟ್. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ನಮ್ಮ 'ಕ'ಕ್ಕೆ ಯುಟಿಎಫ್-8 ಎಂಬ ಕ್ರಮದಲ್ಲಿ ಮೂರು ಬೇಕು. ಒತ್ತಕ್ಷರವಿರುವ 'ಕನ್ನಡ' ಪದಕ್ಕೆ 15! ಆದರೂ ಅಕ್ಷರಗಳು ಹಿಡಿಯುವ ಜಾಗ ಅಲ್ಪ. ಚಿತ್ರಗಳೇ ಹೊಟ್ಟೆಬಾಕರು.

ಒಂದು ಜಿಬಿ ಸ್ಮೃತಿಯಲ್ಲಿ ಇಂಥ 2,62,144 ಪುಟಗಳು. ಪ್ರತಿ ಪುಟಕ್ಕೂ ಒಂದು ದಾಖಲೆ. ಈಗಿನ ಯಂತ್ರಗಳಲ್ಲಿ ಒಂದು ದಾಖಲೆಗೆ ಸುಮಾರು 64 ಬೈಟ್. ಗುಣಿಸಿ ನೋಡಿ: ಲೆಕ್ಕದ ಪುಸ್ತಕವೇ 16 ಎಂಬಿ ಜಾಗ ತಿನ್ನುತ್ತದೆ.

ಒಂದೇ ಪುಟವನ್ನು ಎರಡು ತಂತ್ರಾಂಶಗಳು ಹಂಚಿಕೊಂಡರೆ ದಾಖಲೆಯಲ್ಲಿ '2' ಎಂದಿರುತ್ತದೆ. ಒಂದು ಬಿಟ್ಟುಕೊಟ್ಟರೆ '1'. ಸೊನ್ನೆಯಾದಾಗ ಮಾತ್ರ ಆ ಪುಟ ಬೇರೆಯವರಿಗೆ. ಲೆಕ್ಕ ತಪ್ಪಿ ಬೇಗನೆ ಸೊನ್ನೆ ಬರೆದರೆ ಒಬ್ಬರ ಬರಹದ ಮೇಲೆ ಇನ್ನೊಬ್ಬರು ಬರೆದುಬಿಟ್ಟಾರು!

ಇನ್ನೊಂದು ತಮಾಷೆಯಿದೆ. ತಂತ್ರಾಂಶ ಜಾಗ ಕೇಳಿದಾಗ ಕರ್ನೆಲ್ 'ಆಗಲಿ' ಎನ್ನುತ್ತದೆ, ಆದರೆ ಕೂಡಲೇ ಕೊಡುವುದಿಲ್ಲ. ನಿಜವಾಗಿ ಬಳಸಹೊರಟಾಗಲೇ ಪುಟ ಸಿಗುವುದು. ಹೀಗೆ ಇರುವುದಕ್ಕಿಂತ ಹೆಚ್ಚು ಮಾತು ಕೊಟ್ಟಿರುವುದೂ ಉಂಟು. ಎಲ್ಲರೂ ಒಮ್ಮೆಗೇ ಬಳಸಲು ಬಂದರೆ? ಮೊದಲು ಕೆಲವು ಪುಟಗಳನ್ನು ಡಿಸ್ಕಿಗೆ ಸಾಗಿಸುತ್ತದೆ. ಆಗ ಯಂತ್ರ ನಿಧಾನವಾಗುತ್ತದೆ. ಅದೂ ಸಾಲದಾದಾಗ, ಸಾಮಾನ್ಯವಾಗಿ ಅತಿ ಹೆಚ್ಚು ಜಾಗ ಹಿಡಿದ ತಂತ್ರಾಂಶವನ್ನೇ ನಿಲ್ಲಿಸಿ ಅದರ ಪುಟಗಳನ್ನು ಮರಳಿ ಪಡೆಯುತ್ತದೆ.

"ಚಿತ್ರಗಳಿಂದಾಗಿ ನನ್ನದೇ ದೊಡ್ಡದಾಗಿತ್ತು" ಎಂದಳು ಹುಡುಗಿ. "ಡಿಸ್ಕಿನಲ್ಲಿ ಉಳಿಸಿದ್ದೆಯಾ?" ಎಂದು ಮಾಷ್ಟ್ರು ಕೇಳಿದರು. ಅವಳು ತಲೆ ತಗ್ಗಿಸಿದಳು.

ಆ ಸಂಜೆ ಅಜ್ಜಿ ಕಥೆಯನ್ನು ಮತ್ತೆ ಮೊದಲಿನಿಂದ ಹೇಳಬೇಕಾಯಿತು. ಈ ಸಲ ಅದರಲ್ಲಿ ಒಂದು ನರಿಯೂ ಬಂತು.

ಅಭ್ಯಾಸ

1. ಕಥೆಯ ಕಿಟಕಿ ಮುಚ್ಚಿಹೋದದ್ದೇಕೆ?
2. ದಾಖಲೆಯಲ್ಲಿ '2' ಇದ್ದರೆ ಏನರ್ಥ?
3. ಎರಡು ಜಿಬಿ ಸ್ಮೃತಿಯಲ್ಲಿ ಎಷ್ಟು ಪುಟಗಳು? ಲೆಕ್ಕ ಮಾಡಿರಿ.
4. ನಿಮ್ಮ ಶಾಲೆಯ ಗ್ರಂಥಾಲಯದಲ್ಲಿ ಪುಸ್ತಕಗಳ ಲೆಕ್ಕ ಇಡುವ ಕ್ರಮವನ್ನು ಕೇಳಿ ತಿಳಿದು ಬರೆಯಿರಿ.